ಸಣ್ಣ ಚೀಲದವರು: ಒಂದು ಸಿರಿಧಾನ್ಯ ಮಿಲ್ಲಿನ ಪ್ರಕರಣ ಅಧ್ಯಯನ

ಹಾವೇರಿ-ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ಸಾಮೆ, ನವಣೆಯ ಸಿಪ್ಪೆ ಬಿಡಿಸಿ ಅಕ್ಕಿ ಮಾಡಿಕೊಡುವ ಸಣ್ಣ ಮಿಲ್ಲೊಂದಿದೆ. ಸುತ್ತಲಿನ ಬಡ ಬೆಳೆಗಾರರಿಗಾಗಿಯೇ ಶುರುವಾದ ಮಿಲ್ಲು ಅದು. ಅದರ ಲೆಕ್ಕ ಅತ್ಯಂತ ಚೆನ್ನಾಗಿದ್ದ ವರ್ಷದಲ್ಲೇ ಆ ಬೆಳೆಗಾರರು ಅಲ್ಲಿಗೆ ಬರುವುದನ್ನು ನಿಲ್ಲಿಸಿದ್ದರು. ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. ಯಾರೂ ಹಣ ತಿಂದಿರಲಿಲ್ಲ. ಆದರೂ ಹಾಗಾಯಿತು.

ಸಾಮಾಜಿಕ ಉದ್ಯಮಕ್ಕೂ, ಅಂದರೆ ಜನರ ಒಂದು ಕಷ್ಟ ನೀಗಿಸಲೆಂದೇ ಶುರುವಾಗಿ ತನ್ನ ಗಳಿಕೆಯಿಂದ ನಡೆಯುವ ಉದ್ಯಮಕ್ಕೂ, ಮಾಮೂಲಿ ವ್ಯಾಪಾರಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ಈ ಪ್ರಕರಣವನ್ನು ಪೂರ್ತಿ ಹೇಳಬೇಕು ಅನ್ನಿಸಿತು. ಆ ಮಿಲ್ಲಿನ ಲೆಕ್ಕಪತ್ರ ನೋಡಿಕೊಡಲು ನನ್ನನ್ನು ಕರೆದಿದ್ದರು. ಹಾಗಾಗಿ ಇದರ ಬಹುಪಾಲು ಹತ್ತಿರದಿಂದ ಕಂಡದ್ದು. ಗುರುತು ಹತ್ತಬಾರದೆಂದು ಊರು, ಹೆಸರು, ಹಣದ ಮೊತ್ತಗಳನ್ನು ಬಿಟ್ಟಿದ್ದೇನೆ. ಮಿಲ್ಲು ಕಟ್ಟಿದ ಮಹಿಳೆಯನ್ನು ಊರವರು ‘ಮಿಲ್ ಅಕ್ಕ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಹಿನ್ನೆಲೆ

ಸಾಮೆ, ಅಂದರೆ ಆ ಕಡೆಯವರ ಸಾವಿ, ಮಳೆ ನೆಚ್ಚಿದ ಹೊಲದ ಬೆಳೆ. ಗೊಬ್ಬರ, ನೀರು ಹೆಚ್ಚು ಕೇಳುವುದಿಲ್ಲ. ತೊಂದರೆ ಇರುವುದು ಕೊಯ್ಲಾದ ಮೇಲೆ. ರಾಗಿ, ಜೋಳವನ್ನು ಹಾಗೇ ಬೀಸಿ ಹಿಟ್ಟು ಮಾಡಬಹುದು. ಸಾಮೆಗೆ ಗಟ್ಟಿ ಸಿಪ್ಪೆ ಇದೆ, ಅದು ಹೋಗದೆ ಉಣ್ಣಲಾಗದು. ಹಿಂದೆ ಹೆಂಗಸರು ಒರಳಲ್ಲಿ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟುತ್ತಿದ್ದರು. ಒಂದು ಹೊತ್ತಿನ ಅನ್ನಕ್ಕೆ ರಟ್ಟೆ ಬೀಳುವಷ್ಟು ಕೆಲಸ. ಭತ್ತದ ಮಿಲ್ಲಿಗೆ ಹಾಕಿದರೆ ಕಾಳು ಸಣ್ಣದಾದ್ದರಿಂದ ಒಂದೋ ನುಚ್ಚಾಗುತ್ತದೆ, ಇಲ್ಲ ಸಿಪ್ಪೆಯ ಸಮೇತ ಹೊರಗೆ ಬರುತ್ತದೆ.

ಇತ್ತ 2013ರಿಂದ ಅನ್ನಭಾಗ್ಯದ ಅಕ್ಕಿ ಮನೆಗೆ ಬರುತ್ತಿತ್ತು. ಕುಟ್ಟುವ ಕಷ್ಟ ಯಾರಿಗೆ ಬೇಕು? ಬೆಳೆದ ಸಾಮೆಯನ್ನು ಸಿಪ್ಪೆಯ ಸಮೇತ ವ್ಯಾಪಾರಿಗೆ ಮಾರಿ, ರೇಷನ್ ಅಕ್ಕಿ ಉಣ್ಣುವುದು ರೂಢಿಯಾಯಿತು. ಸಿಪ್ಪೆ ಬಿಡಿಸುವ ದೊಡ್ಡ ಮಿಲ್ಲುಗಳು ನಾಸಿಕ್ ಕಡೆ ಇವೆ. ಹೀಗೆ ಇಲ್ಲಿ ಕಾಳು ಬೆಳೆದವರು ಅದನ್ನು ಅಗ್ಗಕ್ಕೆ ಕೊಡುತ್ತಿದ್ದರು, ಅಕ್ಕಿಯಾದ ಮೇಲೆ ಅದರ ಬೆಲೆ ಏರಿ ಪೇಟೆಯವರ ಅಡುಗೆಮನೆ ಸೇರುತ್ತಿತ್ತು. ಬೆಳೆದವರ ಮನೆಯಲ್ಲಿ ಮಾತ್ರ ಸಾಮೆ ಅನ್ನ ಹಬ್ಬದ ಊಟವಾಗಿ ಉಳಿಯಿತು.

ಹತ್ತಿರದ ಹೋಬಳಿ ಊರಲ್ಲಿ ಒಬ್ಬ ಖಾಸಗಿ ಮಿಲ್ಲಿನ ಮಾಲೀಕರು ಸಿರಿಧಾನ್ಯದ ಯಂತ್ರ ಹಾಕಿದ್ದರು. ಆದರೆ ಒಂದು ಕ್ವಿಂಟಲಿಗಿಂತ ಕಡಿಮೆ ತಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಪ್ರಾಮಾಣಿಕ ಮನುಷ್ಯ, ಕೆಲಸದವರಿಗೆ ಸಂಬಳ ತಪ್ಪಿಸಿದವರಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಕಾಳನ್ನು ಜರಡಿ ಹಿಡಿಯಬೇಕು, ಕಲ್ಲು ತೆಗೆಯುವ ಯಂತ್ರಕ್ಕೆ ಹಾಕಬೇಕು, ಆಮೇಲೆ ಸಿಪ್ಪೆ ಬಿಡಿಸುವ ಹಲ್ಲರ್, ಆಮೇಲೆ ಗಾಳಿಯಿಂದ ಹೊಟ್ಟು ಹಾರಿಸಿ, ಸಿಪ್ಪೆ ಬಿಡದ ಕಾಳನ್ನು ಮತ್ತೆ ಒಳಗೆ ಬಿಡಬೇಕು. ಒಬ್ಬರದು ಮುಗಿದು ಇನ್ನೊಬ್ಬರದು ಹಾಕುವ ಮೊದಲು ಯಂತ್ರದೊಳಗೆ ಉಳಿದದ್ದನ್ನು ಗುಡಿಸಿ ತೆಗೆಯಬೇಕು. ಹದಿನೈದು ಕಿಲೋ ಚೀಲಕ್ಕೂ ಐದು ಕ್ವಿಂಟಲಿಗೂ ಈ ಗುಡಿಸುವ ಕೆಲಸ ಒಂದೇ. ಸಣ್ಣ ಚೀಲ ಹಿಡಿದರೆ ನಷ್ಟ, ಅಷ್ಟೇ.

ಮಿಲ್ ಅಕ್ಕ ಯೋಚನೆ ಮಾಡಿದ್ದು ಆ ಸಣ್ಣ ಚೀಲದವರ ಬಗ್ಗೆಯೇ. ಅರ್ಧ ಎಕರೆ, ಒಂದು ಎಕರೆಯಲ್ಲಿ ಸಾಮೆ ಹಾಕುವ ಮನೆಗಳು. ಅವರು ಮನೆಗೆಂದು ಸ್ವಲ್ಪ ಅಕ್ಕಿ ಮಾಡಿಸಿಕೊಳ್ಳುವಂತಾಗಬೇಕು, ಉಳಿದದ್ದನ್ನು ಅಕ್ಕಿಯ ಬೆಲೆಗೆ ಮಾರುವಂತಾಗಬೇಕು. ಬ್ಯಾಂಕಿನಿಂದ ಸಾಲ, ಒಂದು ಪ್ರತಿಷ್ಠಾನದಿಂದ ಅನುದಾನ ತಂದು ಯಂತ್ರ ಹಾಕಿದರು. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಸಂಸ್ಥೆ ನೋಂದಾಯಿಸಿದರು. ಇಂಥ ಕಂಪನಿ ಲಾಭ ಮಾಡಬಹುದು, ಆದರೆ ಅದನ್ನು ಸದಸ್ಯರಿಗೆ ಹಂಚುವಂತಿಲ್ಲ. ಸಂಸ್ಥೆಯ ಉದ್ದೇಶಕ್ಕೇ ಖರ್ಚು ಮಾಡಬೇಕು. ‘ಸಾಮಾಜಿಕ ಉದ್ಯಮ’ ಎಂಬ ಹೆಸರಿನ ಬೇರೆಯೇ ಕಂಪನಿ ರೂಪ ನಮ್ಮ ಕಾನೂನಿನಲ್ಲಿಲ್ಲ. ಟ್ರಸ್ಟ್, ಸಹಕಾರ ಸಂಘ, 8ನೇ ಸೆಕ್ಷನ್ ಕಂಪನಿ, 2002ರ ತಿದ್ದುಪಡಿಯಿಂದ ಬಂದ ಉತ್ಪಾದಕರ ಕಂಪನಿ, ಇಲ್ಲವೇ ಮಾಮೂಲಿ ಪ್ರೈವೇಟ್ ಲಿಮಿಟೆಡ್, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಲಾಭ ಯಾರ ಜೇಬಿಗೂ ಹೋಗದಂತೆ ಬಾಗಿಲು ಹಾಕಿದರೆ ಉದ್ದೇಶ ಭದ್ರ ಎಂದು ಅಕ್ಕ ನಂಬಿದ್ದರು. ಈ ನಂಬಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ತೊಡಕು: ನಿಜವಲ್ಲದ ಬೆಲೆ

ಮಿಲ್ಲಿನ ಕೂಲಿಯನ್ನು, ಅಂದರೆ ಕಾಳು ಬಿಡಿಸಿಕೊಡಲು ಬೆಳೆಗಾರರಿಂದ ಪಡೆಯುವ ಹಣವನ್ನು, ಖಾಸಗಿಯವರಿಗಿಂತ ಬಹಳ ಕಡಿಮೆ ಇಟ್ಟರು. ಜನ ಬಂದರು. ಮೊದಲೆರಡು ಸುಗ್ಗಿಯಲ್ಲಿ ಮಿಲ್ಲಿನ ಮುಂದೆ ಚೀಲಗಳ ಸಾಲೇ ಇರುತ್ತಿತ್ತು. ಲೆಕ್ಕದ ಪುಸ್ತಕವೂ ಸರಿದೂಗಿದಂತೆ ಕಾಣುತ್ತಿತ್ತು.

ನಾನು ನೋಡಲು ಕೂತಾಗ ಕಂಡದ್ದು ಎರಡು ವಿಷಯ. ಒಂದು, ಅನುದಾನದ ಹಣ, ಮಿಲ್ಲಿನ ಕೂಲಿಯ ಹಣ ಎರಡೂ ಒಂದೇ ಖಾತೆಗೆ ಬೀಳುತ್ತಿದ್ದವು. ಕರೆಂಟ್ ಬಿಲ್ಲು, ಬೆಲ್ಟು, ಮೆಕ್ಯಾನಿಕ್ಕಿನ ಖರ್ಚು ಎಲ್ಲ ಅದರಿಂದಲೇ. ಹಾಗಾಗಿ ಒಂದು ಚೀಲ ಬಿಡಿಸಲು ನಿಜವಾಗಿ ಎಷ್ಟು ಖರ್ಚಾಗುತ್ತದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು, ಅಕ್ಕನ ಸಂಬಳದ ಕಾಲಂ. ಅಲ್ಲಿ ಸೊನ್ನೆ ಇತ್ತು, ತಿಂಗಳು ತಿಂಗಳೂ ಸೊನ್ನೆ. ಬೆಳಿಗ್ಗೆ ಬಾಗಿಲು ತೆಗೆಯುವುದು, ತೂಕ, ಬ್ಯಾಂಕು, ಪೇಟೆ ಓಡಾಟ ಎಲ್ಲ ಅವರದೇ. ಮನೆಯವರ ದುಡಿಮೆಯಲ್ಲಿ ಸಂಸಾರ ನಡೆಯುತ್ತಿತ್ತು.

ಇದನ್ನು ನಾವು ತ್ಯಾಗ ಎಂದು ಮೆಚ್ಚುತ್ತೇವೆ. ಮೆಚ್ಚಬೇಕಾದ್ದೇ. ಆದರೆ ಲೆಕ್ಕದಲ್ಲಿ ಅದು ಬರೆಯದೇ ಬಿಟ್ಟ ಖರ್ಚು. ಅಕ್ಕನಿಗೆ ಹುಷಾರು ತಪ್ಪಿದರೆ, ಬೇರೆಯವರನ್ನು ಆ ಜಾಗಕ್ಕೆ ಇಡಬೇಕಾದರೆ, ಮಿಲ್ಲು ಒಂದು ತಿಂಗಳೂ ನಡೆಯುವಂತಿರಲಿಲ್ಲ. ಸಾಮಾಜಿಕ ಉದ್ಯಮ ದಾನಕ್ಕಿಂತ ಬೇರೆಯಾಗುವುದು ಇಲ್ಲೇ ಅಲ್ವಾ? ದಾನಿಯ ಕೈ ನಿಂತರೆ ದಾನ ನಿಲ್ಲುತ್ತದೆ. ಉದ್ಯಮ ತನ್ನ ಗಳಿಕೆಯಿಂದ ಉಸಿರಾಡಬೇಕು. ಅದು ಆಗದಿದ್ದರೆ ಹೆಸರು ಏನೇ ಇರಲಿ, ಅದು ದಾನವೇ.

ಅನುದಾನದ ಪುಸ್ತಕ, ಮಿಲ್ಲಿನ ಪುಸ್ತಕ ಬೇರೆಯಾದವು. ಅಕ್ಕನಿಗೆ ಒಬ್ಬ ಮಿಲ್ಲಿನ ಮ್ಯಾನೇಜರಿಗೆ ಕೊಡಬೇಕಾದ ಸಂಬಳ ಬರೆದೆವು. ಕೈಗೆ ಹಣ ಸಿಗದ ತಿಂಗಳು ‘ಬಾಕಿ’ ಎಂದು ದಾಖಲಾಯಿತು. ಆಗ ನಿಜ ಹೊರಬಿತ್ತು: ಪ್ರತಿ ಸಣ್ಣ ಚೀಲದಲ್ಲೂ ಮಿಲ್ಲು ಕಳೆದುಕೊಳ್ಳುತ್ತಿತ್ತು. ಸಾಲದ ಕಂತು ಅನುದಾನದಿಂದ ಹೋಗುತ್ತಿತ್ತು, ಅನುದಾನ ಮುಗಿಯುತ್ತ ಬಂದಿತ್ತು.

ದೊಡ್ಡ ಆರ್ಡರ್

ಅಷ್ಟರಲ್ಲಿ 2023 ಬಂತು. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ ಅದನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿತ್ತು. ಪೇಟೆಯ ಅಂಗಡಿಗಳಲ್ಲಿ ಸಾಮೆ, ಊದಲು, ಹಾರಕಗಳ ಪ್ಯಾಕೆಟ್ಟು ಮುಂದಿನ ಸಾಲಿಗೆ ಬಂದವು. ಒಂದು ನಗರದ ಕಂಪನಿ ಮಿಲ್ಲನ್ನು ಹುಡುಕಿಕೊಂಡು ಬಂತು. ತಿಂಗಳಿಗೆ ಇಷ್ಟು ಟನ್ ಸಾಮೆ ಅಕ್ಕಿ, ಒಂದೇ ಗಾತ್ರ, ಬೆಳ್ಳಗಿರಬೇಕು, ಹಣ ತಡವಾಗುವುದಿಲ್ಲ.

ಬೆಳ್ಳಗಿರಬೇಕು ಅಂದರೆ ಪಾಲಿಶ್ ಮಾಡಬೇಕು. ಕಾಳಿನ ಮೇಲಿನ ತವುಡು ಹೋಗಬೇಕು. ತವುಡಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಪಾಲಿಶ್ ಮಾಡದ ಅಕ್ಕಿ ಬೇಗ ಮುಗ್ಗುತ್ತದೆ. ಪಾಲಿಶ್ ಮಾಡಿದ್ದು ಅಂಗಡಿಯಲ್ಲಿ ಹೆಚ್ಚು ದಿನ ಇರುತ್ತದೆ. ಆದರೆ ಸಿರಿಧಾನ್ಯವನ್ನು ಜನ ಯಾವ ನಾರಿಗಾಗಿ, ಸತ್ವಕ್ಕಾಗಿ ಕೊಳ್ಳುತ್ತಾರೋ ಅದರ ಒಳ್ಳೆಯ ಪಾಲು ತವುಡಿನ ಜೊತೆಗೇ ಹೋಗುತ್ತದೆ.

ಅಕ್ಕ ಒಪ್ಪಿಕೊಂಡರು. ಆ ಹೊತ್ತಿಗೆ ಅದು ಸರಿಯಾದ ನಿರ್ಧಾರವೇ ಎಂದು ನಾನು ಈಗಲೂ ಹೇಳುತ್ತೇನೆ. ಕಂತು ಕಟ್ಟದಿದ್ದರೆ ಯಂತ್ರವೇ ಉಳಿಯುತ್ತಿರಲಿಲ್ಲ. ಆರ್ಡರ್ ಬಂದ ಮೇಲೆ ಯಂತ್ರ ಇಡೀ ದಿನ ಓಡಿತು. ಕಂತು ಹೊತ್ತಿಗೆ ಸರಿಯಾಗಿ ಹೋಯಿತು. ಇಬ್ಬರು ಹೊಸ ಕೆಲಸದವರು ಬಂದರು. ಅಕ್ಕನ ಬಾಕಿ ಸಂಬಳವೂ ಸ್ವಲ್ಪ ತೀರಿತು. ಪ್ರತಿಷ್ಠಾನಕ್ಕೆ ಕಳಿಸಿದ ವರದಿಯಲ್ಲಿ ಟನ್ನುಗಳ ಗ್ರಾಫ್ ನೆಟ್ಟಗೆ ಮೇಲೇರಿತ್ತು. ಓದಿದವರೆಲ್ಲ ಖುಷಿಪಟ್ಟರು.

ತೂಕದ ಮಹಿಳೆ ಹೇಳಿದ ಮಾತು

ವಿಷಯ ಮೊದಲು ಗಮನಿಸಿದವರು ತಕ್ಕಡಿಯ ಬಳಿ ಕೆಲಸ ಮಾಡುವ ಮಹಿಳೆ. ಹೆಚ್ಚು ಓದಿದವರಲ್ಲ. ಬಂದವರ ಹೆಸರು, ಊರು, ತೂಕವನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುವುದು ಅವರ ಕೆಲಸ. ಒಂದು ಸಂಜೆ ಅವರು, “ಅಕ್ಕಾರ, ಸಣ್ಣ ಚೀಲದವ್ರು ಬರೂದ ಬಿಟ್ಟಾರ್ರಿ. ಈ ತಿಂಗಳ ಬುಕ್ಕಿನ್ಯಾಗ ಹಾಳಿ ತುಂಬೇ ಇಲ್ಲ” ಅಂದರು.

ಆ ನೋಟ್‌ಬುಕ್ಕುಗಳನ್ನು ಮೊದಲಿಂದ ತೆಗೆದು ಕೂತೆವು. ಅಲ್ಲಿಯವರೆಗೂ ಎಲ್ಲರೂ ಟನ್ ಕೂಡಿಸುತ್ತಿದ್ದರು. ಹೆಸರುಗಳನ್ನು ಯಾರೂ ಎಣಿಸಿರಲಿಲ್ಲ. ಎಣಿಸಿದಾಗ ಕಂಡದ್ದು ಇದು: ಮಿಲ್ಲಾಗುತ್ತಿದ್ದ ಕಾಳು ಏರಿತ್ತು, ಬರುವ ಮನೆಗಳು ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ಉಳಿದವರಲ್ಲಿ ಹೆಚ್ಚಿನವರು ಟ್ರ್ಯಾಕ್ಟರಿನಲ್ಲಿ ತರುವ ದೊಡ್ಡ ರೈತರು.

ಮಿಲ್ ಅಕ್ಕ ಬಿಟ್ಟುಹೋದ ಮನೆಗಳಿಗೆ ಹೋಗಿ ಕೂತರು. ಕೂಲಿಯ ದರ ಜಾಸ್ತಿಯಾಯಿತು ಎಂದು ಯಾರಾದರೂ ಹೇಳಬಹುದು ಅಂದುಕೊಂಡಿದ್ದರು. ಒಬ್ಬರೂ ಅದನ್ನು ಹೇಳಲಿಲ್ಲ. ಒಬ್ಬ ಹೆಂಗಸು ಹೇಳಿದ್ದು ಹೀಗೆ: “ಎರಡು ಸಲ ಹೊತ್ಕೊಂಡು ಬಂದೆ. ಯಂತ್ರ ಖಾಲಿ ಇಲ್ಲ, ಚೀಲ ಇಟ್ಟು ಹೋಗ್ರಿ ಅಂದ್ರು. ಬಸ್ಸು ಪುಕ್ಕಟೆ ಆಗೇತ್ರಿ, ಖರೇ. ನನ್ನ ದಿನದ ಕೂಲಿ ಪುಕ್ಕಟೆ ಅಲ್ಲಲ್ಲ?” ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದ್ದು 2023ರ ಜೂನಿನಲ್ಲಿ. ಅದಾದ ಸ್ವಲ್ಪ ದಿನಕ್ಕೇ ಬಂದ ಮಾತಿದು.

ಇನ್ನೊಬ್ಬರು ತವುಡಿನ ವಿಷಯ ಎತ್ತಿದರು. ಮೊದಲು ಅವರವರ ಕಾಳಿನ ತವುಡು ಅವರಿಗೇ ಸಿಗುತ್ತಿತ್ತು, ಎಮ್ಮೆಗೆ ಹಾಕುತ್ತಿದ್ದರು. ಆರ್ಡರಿನ ಗಡಿಬಿಡಿಯಲ್ಲಿ ಎಲ್ಲ ತವುಡೂ ಒಟ್ಟಿಗೆ ಗುಡ್ಡೆಯಾಗಿ, ಕೇಳಿದರೆ “ಆಮೇಲೆ ನೋಡೋಣ” ಎಂಬ ಉತ್ತರ ಬರುತ್ತಿತ್ತು.

ಖಾಸಗಿ ಮಿಲ್ಲಿನವರು ಒಂದು ಕ್ವಿಂಟಲ್ ಎಂಬ ನಿಯಮವನ್ನು ಗೋಡೆಯ ಮೇಲೆ ಬರೆದಿದ್ದರು. ಇಲ್ಲಿ ಯಾರೂ ಬರೆದಿರಲಿಲ್ಲ. ಕಾಯುವ ದಿನಗಳೇ ಆ ನಿಯಮವನ್ನು ಜಾರಿಗೆ ತಂದಿದ್ದವು. ಲಾಭ ಹಂಚಬಾರದು ಎಂಬ ಕಾನೂನು ಇದನ್ನು ತಡೆಯಲಿಲ್ಲ. ಅದು ಲಾಭ ಎಲ್ಲಿ ಹೋಗಬಾರದು ಎಂದಷ್ಟೇ ಹೇಳುತ್ತದೆ. ಯಾರ ಕೆಲಸ ಮೊದಲು ಆಗಬೇಕು ಎಂದು ಹೇಳುವುದಿಲ್ಲ. ಬ್ಯಾಂಕಿನ ಕಂತು ಪ್ರತಿ ತಿಂಗಳು ಬಾಗಿಲು ತಟ್ಟುತ್ತದೆ, ದೊಡ್ಡ ಗಿರಾಕಿ ಫೋನ್ ಮಾಡುತ್ತಾನೆ. ಹದಿನೈದು ಕಿಲೋ ಹೊತ್ತು ತಂದವಳು ತಟ್ಟುವುದೂ ಇಲ್ಲ, ಫೋನೂ ಮಾಡುವುದಿಲ್ಲ. ಸುಮ್ನೆ ಬರುವುದನ್ನು ಬಿಡುತ್ತಾಳೆ. ಅಂಥವಳ ಗೈರುಹಾಜರಿಯನ್ನು ಎಣಿಸುವ ವ್ಯವಸ್ಥೆ ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಅವಳು ಕಣ್ಣಿಗೆ ಬೀಳುವುದಿಲ್ಲ.

ಮೂರು ದಾರಿ

ಸಂಸ್ಥೆಯ ಸಭೆಯಲ್ಲಿ ಮೂರು ಅಭಿಪ್ರಾಯ ಬಂದವು.

ನಿರ್ದೇಶಕರಲ್ಲಿ ಒಬ್ಬರು ವ್ಯಾಪಾರದಲ್ಲಿ ಜೀವನ ಕಳೆದವರು. ಅವರ ಮಾತು ಹೀಗಿತ್ತು: ಆರ್ಡರ್ ಬಿಡಬೇಡಿ, ಇನ್ನೂ ದೊಡ್ಡದು ಹಿಡಿಯಿರಿ. ಬಂದ ಲಾಭದಲ್ಲಿ ಆ ಮನೆಗಳಿಗೆ ನೇರವಾಗಿ ಸಹಾಯ ಮಾಡಿ. ಬೇಕಾದರೆ ಸಾಮೆ ಅಕ್ಕಿಯನ್ನೇ ಹಂಚಿ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊದಲು ಚೆನ್ನಾಗಿ ದುಡಿ, ಆಮೇಲೆ ಕೊಡು ಎಂಬುದು ನಮ್ಮ ಎಷ್ಟೋ ಛತ್ರ, ಹಾಸ್ಟೆಲ್ಲು, ಶಾಲೆಗಳನ್ನು ಕಟ್ಟಿದ ದಾರಿ. ದೊಡ್ಡ ಕಂಪನಿಗಳು ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿನ ಹಿಂದಿರುವುದೂ ಹೆಚ್ಚುಕಡಿಮೆ ಇದೇ ಯೋಚನೆ.

ಇನ್ನೊಬ್ಬರು, ಆರ್ಡರನ್ನು ಪೂರ್ತಿ ಬಿಡಿ, ಮೊದಲಿನಂತೆ ನಡೆಸಿ ಎಂದರು. ಅದಾಗುವಂತಿರಲಿಲ್ಲ. ಮೊದಲಿನಂತೆ ನಡೆದದ್ದು ಅನುದಾನದ ಮೇಲೆ.

ಮಿಲ್ ಅಕ್ಕ ಮೊದಲನೆಯವರಿಗೆ ಕೊಟ್ಟ ಉತ್ತರ ಈ ಪ್ರಕರಣದ ತಿರುವು. ಆ ಮನೆಗಳಿಗೆ ಕೈಯಲ್ಲಿರುವ ಕಾಳನ್ನು ಅಕ್ಕಿ ಮಾಡಿಕೊಳ್ಳುವ ದಾರಿ ಬೇಕಿತ್ತು, ಅದನ್ನು ಮುಚ್ಚಿದ್ದು ನಮ್ಮ ಯಂತ್ರವೇ ಎಂದರು ಅವರು. ಮಿಲ್ಲು ಮುಚ್ಚಿದ ದಾರಿಯನ್ನು ಮಿಲ್ಲಿನ ಲಾಭದಿಂದ ಹಂಚಿದ ಅಕ್ಕಿ ತೆರೆಯುವುದಿಲ್ಲ. ಅವರು ನಮ್ಮಲ್ಲಿಗೆ ಗಿರಾಕಿಗಳಾಗಿ ಬರುತ್ತಿದ್ದರು, ಈಗ ಕೈಚಾಚುವವರಾಗಿ ಬರಬೇಕಾ ಎಂದೂ ಕೇಳಿದರು.

ಮಾಮೂಲಿ ವ್ಯಾಪಾರದಲ್ಲಿ ಯಾವ ಗಿರಾಕಿಯಿಂದ ಲಾಭ ಕಡಿಮೆಯೋ ಅವರನ್ನು ಬಿಡುವುದು ಜಾಣತನ. ಸಾಮಾಜಿಕ ಉದ್ಯಮದಲ್ಲಿ ಹಲವು ಸಲ ಆ ಗಿರಾಕಿಗಾಗಿಯೇ ಅಂಗಡಿ ತೆರೆದಿರುತ್ತಾರೆ. ಅವರನ್ನು ಉಳಿಸಿಕೊಂಡೇ ಗಳಿಕೆ ಹೇಗೆ ಎನ್ನುವುದು ಅದರ ಲೆಕ್ಕ. ಈ ಲೆಕ್ಕ ಬಿಡಿಸಿ ತೋರಿಸಿದವರು ನಮ್ಮಲ್ಲಿದ್ದಾರೆ. ಮದುರೈಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರುಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ ಹಣ ಕೊಡುವ ರೋಗಿಗಳಿಂದ ಬಂದದ್ದೇ ಕೊಡಲಾಗದವರ ಆಪರೇಷನ್ನಿಗೆ ಆಧಾರವಾಯಿತು. ಬಡವರಿಗೆ ಕಣ್ಣು ಕೊಡುವ ಕೆಲಸವೂ ಹಣ ಗಳಿಸುವ ಕೆಲಸವೂ ಒಂದೇ ಆಸ್ಪತ್ರೆಯೊಳಗೆ ನಡೆಯುತ್ತವೆ. ಅಕ್ಕ ಹುಡುಕಿದ್ದು ಅಂಥದ್ದನ್ನೇ: ದೊಡ್ಡ ಆರ್ಡರ್ ಇರಲಿ, ಆದರೆ ಅದು ಸಣ್ಣ ಚೀಲವನ್ನು ಹೊರುವಂತಿರಲಿ, ತುಳಿಯುವಂತಲ್ಲ.

ಮಾಡಿ ನೋಡಿದ್ದು

ಮೊದಲು ವಾರದಲ್ಲಿ ಎರಡು ದಿನ ಸಣ್ಣ ಚೀಲಕ್ಕೆ ಮೀಸಲು ಎಂದು ಬೋರ್ಡ್ ಹಾಕಿದರು. ಸೋತಿತು. ಮೀಸಲು ದಿನಗಳನ್ನು ಆರಿಸಿದ್ದು ಮಿಲ್ಲಿನ ಅನುಕೂಲಕ್ಕೆ. ಹೆಂಗಸರು ಊರು ಬಿಟ್ಟು ಬರುವುದು ಸಂತೆಯ ದಿನ. ಮೀಸಲು ದಿನ ಯಂತ್ರ ಖಾಲಿ ನಿಂತಿತು, ಸಂತೆಯ ದಿನ ಚೀಲ ಹಿಡಿದವರು ವಾಪಸ್ ಹೋದರು. ದಿನವನ್ನು ಸಂತೆಗೆ ಹೊಂದಿಸಿದ ಮೇಲೆ ಸ್ವಲ್ಪ ಜನ ಬಂದರು. ಆದರೆ ಎಲ್ಲರೂ ಒಂದೇ ದಿನ ಬಂದರೆ ಸಾಲು ಮುಗಿಯುವುದಿಲ್ಲ. ಅದರ ಮೇಲೆ ಆ ದಿನವೇ ಕರೆಂಟ್ ಹೋದರೆ ಮುಗಿಯಿತು.

ಕೆಲಸಕ್ಕೆ ಬಂದ ಉಪಾಯ ಬಂದದ್ದು ತೂಕದ ಮಹಿಳೆಯಿಂದಲೇ. ಕಾಳು ಕೊಟ್ಟು ಅಕ್ಕಿ ಒಯ್ಯಲಿ, ಅದಲು ಬದಲು ಮಾಡೋಣ ಎಂದರು ಅವರು. ಮಿಲ್ಲಿನಲ್ಲಿ ಅಕ್ಕಿ ಮೊದಲೇ ತಯಾರಿರುತ್ತದೆ. ಚೀಲ ತಂದವಳು ಕಾಳು ತೂಗಿಸಿ, ಅದಕ್ಕೆ ತಕ್ಕ ಅಕ್ಕಿಯನ್ನೂ ತವುಡನ್ನೂ ಆಗಲೇ ಪಡೆದು ಸಂತೆ ಮುಗಿಸಿ ಮನೆಗೆ ಹೋಗುತ್ತಾಳೆ. ಬಂದ ಕಾಳೆಲ್ಲ ಒಟ್ಟಾದ ಮೇಲೆ ಒಂದೇ ಸಲ ಯಂತ್ರಕ್ಕೆ. ಪ್ರತಿ ಚೀಲಕ್ಕೂ ಯಂತ್ರ ಗುಡಿಸುವ ಖರ್ಚೇ ಇಲ್ಲ. ಸಣ್ಣ ಚೀಲವನ್ನು ದುಬಾರಿ ಮಾಡುತ್ತಿದ್ದ ಕೆಲಸವೇ ಹೋಯಿತು.

ಕೇಳಲು ಸುಲಭ. ನಂಬಿಕೆ ಮಾತ್ರ ಅಷ್ಟು ಸುಲಭವಾಗಿ ಬರಲಿಲ್ಲ. ಒಳ್ಳೆಯ ಸಾಮೆಯಾದರೆ 100 ಕಿಲೋಗೆ 60 ಕಿಲೋ ಆಸುಪಾಸು ಅಕ್ಕಿ ಬೀಳುತ್ತದೆ. ಆದರೆ ಎಲ್ಲರ ಕಾಳೂ ಒಂದೇ ಅಲ್ಲ. ಒಬ್ಬರದು ಗಟ್ಟಿ, ಒಬ್ಬರದು ಜೊಳ್ಳು. ಎಲ್ಲರಿಗೂ ಒಂದೇ ಲೆಕ್ಕ ಹಾಕಿದರೆ ಚೆನ್ನಾಗಿ ಬೆಳೆದವರಿಗೆ ಅನ್ಯಾಯ. ಅದಕ್ಕೆ ಮೇಜಿನ ಮೇಲೆ ಇಡುವ ಕೈಯಿಂದ ತಿರುಗಿಸುವ ಸಣ್ಣ ಹಲ್ಲರ್ ತಂದರು. ಅವರ ಚೀಲದ ನಡುವಿನಿಂದ ಒಂದು ಹಿಡಿ ಕಾಳು ತೆಗೆದು 100 ಗ್ರಾಂ ತೂಗುತ್ತಾರೆ. ಅವರ ಎದುರಿಗೇ ತಿರುಗಿಸುತ್ತಾರೆ. ಹೊಟ್ಟನ್ನು ಮೊರದಲ್ಲಿ ಕೇರುವುದು ಚೀಲ ತಂದವರೇ. ಉಳಿದ ಅಕ್ಕಿಯನ್ನು ಮತ್ತೆ ತಕ್ಕಡಿಗೆ ಹಾಕುತ್ತಾರೆ. 60 ಗ್ರಾಂ ಬಂದರೆ ಇಡೀ ಚೀಲಕ್ಕೆ ಅದೇ ಲೆಕ್ಕ. ಒಬ್ಬ ಮುದುಕಿ ಕೇರಿ ಮುಗಿಸಿ, ಮೊರದ ಅಂಚಿನಲ್ಲಿ ಅಂಟಿಕೊಂಡಿದ್ದ ನಾಲ್ಕು ಕಾಳನ್ನು ಬೆರಳ ತುದಿಯಿಂದ ಒತ್ತಿ ಎತ್ತಿ ತಕ್ಕಡಿಗೆ ಹಾಕಿದ್ದನ್ನು ನೋಡಿದೆ. ಮೊರ ಅವರ ಕೈಯಲ್ಲಿದ್ದದ್ದರಿಂದಲೇ ಲೆಕ್ಕವೂ ಅವರದಾಯಿತು. ಆಮೇಲೆ ಜಗಳ ಬಹಳ ಕಡಿಮೆಯಾಯಿತು.

ಕೆಲವರು ಮಾತ್ರ, ನಮ್ಮ ಹೊಲದ್ದೇ ನಮಗೆ ಬೇಕು ಎಂದು ಪಟ್ಟು ಹಿಡಿದರು. ಅದೂ ನ್ಯಾಯವೇ. ರಾಸಾಯನಿಕ ಹಾಕದೆ ಬೆಳೆದವರು ಬೇರೆಯವರ ಅಕ್ಕಿ ಯಾಕೆ ಒಯ್ಯಬೇಕು? ಅವರಿಗೆ ಸಂತೆಯ ದಿನದ ಮೀಸಲು ಹಾಗೆಯೇ ಉಳಿಯಿತು.

ಕೂಲಿಯನ್ನು ಹಣದಲ್ಲಿ ಕೊಡಿ, ಇಲ್ಲ ಕಾಳಿನಲ್ಲಿ ಕೊಡಿ ಎಂದು ಬಿಟ್ಟರು. ಸಣ್ಣ ಚೀಲದವರಲ್ಲಿ ಹೆಚ್ಚಿನವರು ಕಾಳನ್ನೇ ಕೊಟ್ಟರು. ಅವರ ಕಷ್ಟ ಕೂಲಿಯ ದರವಾಗಿರಲಿಲ್ಲ, ಆ ಹೊತ್ತಿಗೆ ಕೈಯಲ್ಲಿ ರೊಕ್ಕ ಇಲ್ಲದಿರುವುದಾಗಿತ್ತು. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೋಲಾರ್ ಕಂಪನಿ ಸೆಲ್ಕೋ ಕಲಿಸಿದ ಪಾಠವೂ ಇದೇ. ಬಡವರಿಗೆ ಸೋಲಾರ್ ದುಬಾರಿ ಎಂದು ಬಿಡುವ ಬದಲು, ಅವರ ದುಡಿಮೆ ಹೇಗೆ ಬರುತ್ತದೋ ಹಾಗೆ ಕಂತು ಹೊಂದಿಸಿದರೆ ಅವರೂ ಕೊಳ್ಳುತ್ತಾರೆ, ಕಟ್ಟುತ್ತಾರೆ. ಹಣ ಕೊಡುವ ರೀತಿ ಬದಲಾದರೆ ಗಿರಾಕಿಯೇ ಬದಲಾಗುತ್ತಾರೆ.

ಇನ್ನು ದೊಡ್ಡ ಆರ್ಡರ್. ನಗರದ ಕಂಪನಿಯ ಜೊತೆ ಅಕ್ಕ ಮತ್ತೆ ಕೂತರು. ಕಡಿಮೆ ಟನ್, ಪಾಲಿಶ್ ಇಲ್ಲದ್ದು, ಬೆಲೆ ಸ್ವಲ್ಪ ಮೇಲೆ, ಪ್ಯಾಕೆಟ್ಟಿನ ಮೇಲೆ ಬೇಗ ಬಳಸಿ ಎಂಬ ದಿನಾಂಕ. ಕಂಪನಿ ಹಳೆಯ ಆರ್ಡರಿನ ಒಂದು ಪಾಲಿಗೆ ಮಾತ್ರ ಒಪ್ಪಿತು. ಉಳಿದದ್ದು ಬೇರೆ ಮಿಲ್ಲಿಗೆ ಹೋಯಿತು. ಆ ಬೇರೆ ಮಿಲ್ಲು ಹೋಬಳಿಯ ಖಾಸಗಿ ಮಾಲೀಕರದೇ. ಅವರು ಬೆಳ್ಳಗಿನ ಅಕ್ಕಿ ಕಳಿಸಿದರು, ಚೆನ್ನಾಗಿಯೇ ಗಳಿಸಿದರು. ಇಬ್ಬರ ನಡುವೆ ವೈಮನಸ್ಸೇನೂ ಬರಲಿಲ್ಲ. ಅಕ್ಕನ ಹಲ್ಲರ್ ಕೆಟ್ಟಾಗ ಮೆಕ್ಯಾನಿಕ್ಕನ್ನು ಕಳಿಸಿಕೊಟ್ಟವರೂ ಅವರೇ.

ಗಳಿಕೆ ಇಳಿಯಿತು. ಬ್ಯಾಂಕಿಗೆ ಹೋಗಿ, ತಿಂಗಳ ಕಂತಿನ ಬದಲು ಸುಗ್ಗಿಯ ನಂತರ ದೊಡ್ಡ ಕಂತು ಮಾಡಿಕೊಡಿ ಎಂದು ಕೇಳಬೇಕಾಯಿತು. “ಬಂದ ಆರ್ಡರ್ ಬಿಟ್ಟು ಕಂತು ಮುಂದಕ್ಕೆ ಹಾಕಿ ಅಂತೀರಲ್ಲ ಮೇಡಂ?” ಎಂದು ಮ್ಯಾನೇಜರ್ ಕೇಳಿದ್ದರಲ್ಲಿ ತಪ್ಪಿಲ್ಲ. ಅವರಿಗೆ ಬೇಕಿದ್ದದ್ದು ಧೈರ್ಯ. ಅದಲು ಬದಲಿನ ಪುಸ್ತಕ, ಬೇರೆ ಮಾಡಿದ ಎರಡು ಖಾತೆ, ಬಾಕಿ ಬರೆದ ಸಂಬಳ, ಇಷ್ಟನ್ನೂ ಮೇಜಿನ ಮೇಲಿಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಮೊದಲಿನ ಕಲಸುಮೇಲೋಗರದ ಲೆಕ್ಕ ಇದ್ದಿದ್ದರೆ ಸಿಗುತ್ತಿರಲಿಲ್ಲ.

ಕೊನೆಯದಾಗಿ ಅಧಿಕಾರದ ಪ್ರಶ್ನೆ. ಬೆಳೆಗಾರರ ಒಂದು ಸಮಿತಿ ಮಾಡಿದರು. ಅದರಲ್ಲಿ ಸಣ್ಣ ಚೀಲದ ಮನೆಗಳ ಹೆಂಗಸರೇ ಹೆಚ್ಚು. ಮೂರು ವಿಷಯ ಅವರ ಒಪ್ಪಿಗೆ ಇಲ್ಲದೆ ಬದಲಾಗುವಂತಿಲ್ಲ ಎಂದು ಬರೆದಿಟ್ಟರು: ಎಷ್ಟು ಸಣ್ಣ ಚೀಲವನ್ನಾದರೂ ತೆಗೆದುಕೊಳ್ಳುವುದು, ಪಾಲಿಶ್ ಮಾಡುವುದೋ ಬೇಡವೋ, ಯಂತ್ರದ ಎಷ್ಟು ಹೊತ್ತನ್ನು ಹೊರಗಿನ ಆರ್ಡರಿಗೆ ಕೊಡುವುದು. ವ್ಯಾಪಾರದಲ್ಲಿ ಪಳಗಿದ ನಿರ್ದೇಶಕರು ಇದನ್ನು ವಿರೋಧಿಸಿದರು. ಮಾರುಕಟ್ಟೆ ದಿನಕ್ಕೊಂದು ರೀತಿ ಇರುವಾಗ ಕೈ ಕಟ್ಟಿಕೊಳ್ಳುತ್ತಿದ್ದೀರಿ ಎಂದರು. ಅವರ ವಿರೋಧ ನಡಾವಳಿಯಲ್ಲಿ ದಾಖಲಾಗಿದೆ, ಅವರು ಸಂಸ್ಥೆಯಲ್ಲೇ ಉಳಿದಿದ್ದಾರೆ.

ಬರದ ವರ್ಷ

ಈ ಎಲ್ಲ ಬದಲಾವಣೆ ಕಾಲೂರುವ ಮೊದಲೇ ಮಳೆ ಕೈಕೊಟ್ಟಿತು. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸಾಮೆ ಬರ ತಾಳುವ ಬೆಳೆ ಎಂಬುದು ನಿಜ. ಆದರೆ ಬಿತ್ತಿದ ಮೇಲೆ ಹನಿಯೇ ಬೀಳದಿದ್ದರೆ ಯಾವ ಬೆಳೆ ತಾಳೀತು?

ಮಿಲ್ಲಿಗೆ ಕಾಳು ಬರಲಿಲ್ಲ. ಖಾಸಗಿ ಮಿಲ್ಲಿನವರು ಬೇರೆ ರಾಜ್ಯದಿಂದ ಲಾರಿ ತರಿಸಿ ನಡೆಸಿದರು. ಇಲ್ಲಿ ಸಾಮಾಜಿಕ ಉದ್ಯಮದ ನಿಜವಾದ ದೌರ್ಬಲ್ಯ ಕಾಣುತ್ತದೆ. ಒಂದು ಊರಿನ ಜನರಿಗಾಗಿ ಕಟ್ಟಿದ್ದು ಆ ಊರಿನ ಮಳೆಗೂ ಕಟ್ಟುಬಿದ್ದಿರುತ್ತದೆ. ವ್ಯಾಪಾರಿ ಸರಕು ಸಿಗುವಲ್ಲಿಗೆ ಹೋಗುತ್ತಾನೆ. ಅಕ್ಕ ಎಲ್ಲಿಗೆ ಹೋಗಬೇಕು?

ಸಮಿತಿಯಲ್ಲಿ ಚರ್ಚೆಯಾಯಿತು. ಹೊರಗಿನ ಕಾಳು ತರಿಸಿ ನಗರದ ಆರ್ಡರ್ ಪೂರೈಸಲು ಒಪ್ಪಿದರು. ಒಂದು ಷರತ್ತು ಹಾಕಿದರು: ಪ್ಯಾಕೆಟ್ಟಿನ ಮೇಲೆ ಇದು ಈ ವರ್ಷ ನಮ್ಮೂರ ಕಾಳಲ್ಲ ಎಂದು ಬರೆಯಬೇಕು. ನಮ್ಮ ರೈತರ ಸಾಮೆ ಎಂಬ ಮಾತಿಗಾಗಿಯೇ ಕೊಳ್ಳುತ್ತಿದ್ದ ಒಂದು ಅಂಗಡಿ ಇದನ್ನು ನೋಡಿ ಕೈಬಿಟ್ಟಿತು. ಆದರೂ ಲೇಬಲ್ ಬದಲಿಸಲಿಲ್ಲ.

ಅದಲು ಬದಲಿಗೆ ಬಂದು ಇನ್ನೂ ಮಿಲ್ಲಾಗದೆ ಉಳಿದಿದ್ದ ಹಳೆಯ ಕಾಳಿತ್ತು. ಅದನ್ನು ಮಿಲ್ಲು ಮಾಡಿ ಮಾರಿದ್ದರೆ ಆ ವರ್ಷದ ಬೆಲೆಗೆ ಒಳ್ಳೆಯ ಹಣ. ಸಮಿತಿಯ ಹೆಂಗಸರು ಬೇಡ ಎಂದರು. ಬೀಜಕ್ಕೆ ಇಡಿ, ಮುಂದಿನ ಮುಂಗಾರಿಗೆ ಯಾರ ಮನೆಯಲ್ಲೂ ಬಿತ್ತನೆ ಕಾಳು ಇರುವುದಿಲ್ಲ ಎಂದರು. ಬೀಜ ಸಾಲ ಕೊಟ್ಟರೆ ಸವಾಯಿ ಲೆಕ್ಕದಲ್ಲಿ, ಅಂದರೆ ಒಂದಕ್ಕೆ ಒಂದೂಕಾಲು ವಾಪಸ್ ಪಡೆಯುವುದು ಹಳೆಯ ವಾಡಿಕೆ. ಅವರು ಸೇರಿಗೆ ಸೇರು ಸಾಕೆಂದು ನಿರ್ಧರಿಸಿದರು. 2024ರಲ್ಲಿ ಮಳೆ ಚೆನ್ನಾಗಿ ಆಯಿತು, ಬೀಜ ಒಯ್ದವರಲ್ಲಿ ಬಹುತೇಕರು ತಂದು ಅಳೆದರು. ಅವರ ಕಾಳು ಮತ್ತೆ ಮಿಲ್ಲಿಗೇ ಬಂತು. ಹಾಗೆ ನೋಡಿದರೆ ಮಾರದೆ ಉಳಿಸಿದ ಆ ಕಾಳು ಮಿಲ್ಲಿನ ಮುಂದಿನ ವರ್ಷದ ಗಿರಾಕಿಗಳನ್ನೂ ಉಳಿಸಿತು.

ಕಲಿಯಬೇಕಾದ್ದು

ಸಾಮಾಜಿಕ ಉದ್ಯಮವನ್ನು ಅದರ ಉದ್ದೇಶದ ಮಾತಿನಿಂದ ಗುರುತಿಸಬಾರದು ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಹಣ ಬಿಗಿಯಾದಾಗ ಯಾರನ್ನು ಮೊದಲು ಕಾಯಿಸುತ್ತದೆ ಎಂದು ನೋಡಬೇಕು. ಈ ಮಿಲ್ಲು ಕೆಲವು ತಿಂಗಳು ತನಗೇ ಗೊತ್ತಿಲ್ಲದೆ ಮಾಮೂಲಿ ಮಿಲ್ಲಾಗಿತ್ತು. ಕಾಗದದಲ್ಲಿ ಏನೂ ಬದಲಾಗಿರಲಿಲ್ಲ.

ಎಣಿಕೆಯ ವಿಷಯ ಇನ್ನೂ ಮುಖ್ಯ. ವರದಿ ಬರೆಯುವವರು, ಅನುದಾನ ಕೊಡುವವರು ಟನ್, ವಹಿವಾಟು ಕೇಳುತ್ತಾರೆ. ಆ ಅಂಕಿ ಏರುತ್ತಿದ್ದರೆ ಬೇರೆ ಪ್ರಶ್ನೆ ಕೇಳುವುದಿಲ್ಲ. ಈಗ ಮಿಲ್ಲಿನ ತಿಂಗಳ ವರದಿಯಲ್ಲಿ ಮೊದಲ ಸಾಲು ಬಂದ ಮನೆಗಳೆಷ್ಟು, ಎರಡನೆಯದು ಕಳೆದ ವರ್ಷ ಬಂದು ಈ ವರ್ಷ ಬರದವರು ಯಾರು. ಟನ್ನು ಮೂರನೆಯ ಸಾಲಿನಲ್ಲಿದೆ. ಇಂಥ ಸಂಸ್ಥೆ ನಡೆಸುವ ಯಾರೇ ಆದರೂ ನಾಳೆಯಿಂದಲೇ ಮಾಡಬಹುದಾದ ಕೆಲಸ ಇದು. ಖರ್ಚಿಲ್ಲ.

ದಕ್ಷತೆಯನ್ನು ಬಿಟ್ಟುಕೊಡುವುದೇ ಸೇವೆ ಎಂದುಕೊಳ್ಳುವವರಿಗೆ ಅದಲು ಬದಲಿನ ಕಥೆ ಹೇಳಬೇಕು. ಸಣ್ಣ ಚೀಲದವರನ್ನು ಉಳಿಸಿದ್ದು ಕರುಣೆಗಿಂತ ಹೆಚ್ಚಾಗಿ ಕೆಲಸದ ವಿನ್ಯಾಸ. ಖರ್ಚು ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿ ಅದನ್ನು ತೆಗೆದರು. ಇದು ಅಪ್ಪಟ ವ್ಯಾಪಾರದ ಬುದ್ಧಿ. ಖಾಸಗಿ ಮಾಲೀಕರಿಗೂ ಇದು ಹೊಳೆಯಬಹುದಿತ್ತು, ಆದರೆ ಆ ಗಿರಾಕಿಗಾಗಿ ಅಷ್ಟು ತಲೆ ಕೆಡಿಸಿಕೊಳ್ಳುವ ಕಾರಣ ಅವರಿಗಿರಲಿಲ್ಲ.

ಈಗ

ಬಿಟ್ಟುಹೋದವರೆಲ್ಲ ವಾಪಸ್ ಬಂದಿಲ್ಲ. ಹತ್ತಿರದ ಊರಿನವರು ಬಂದಿದ್ದಾರೆ. ಸಂತೆಗೆ ಬೇರೆ ಊರಿಗೆ ಹೋಗುವ ಹಳ್ಳಿಗಳವರು ಬಂದಿಲ್ಲ. ಅವರಿಗಾಗಿ ಆ ಸಂತೆಯಲ್ಲೇ ಒಂದು ತಕ್ಕಡಿ, ಕೈ ಹಲ್ಲರ್, ಅಕ್ಕಿಯ ಚೀಲ ಇಟ್ಟುಕೊಂಡು ಕೂರುವ ಯೋಚನೆ ನಡೆದಿದೆ. ಅಲ್ಲಿಯ ಸ್ವಸಹಾಯ ಸಂಘದವರು ತಮ್ಮದೇ ಸಣ್ಣ ಘಟಕ ಹಾಕಲು ಪಿಎಂಎಫ್‌ಎಂಇ ಯೋಜನೆಗೆ ಅರ್ಜಿ ತಯಾರಿಸುತ್ತಿದ್ದಾರೆ. 2020ರಲ್ಲಿ ಶುರುವಾದ ಈ ಕೇಂದ್ರ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ 35% ಸಹಾಯಧನವಿದೆ.

ಆ ಘಟಕ ಬಂದರೆ ಅದಲು ಬದಲಿನ ಕಾಳಿನಲ್ಲಿ ಒಂದು ಪಾಲು ಮಿಲ್ ಅಕ್ಕನ ಕೈತಪ್ಪುತ್ತದೆ. ಸಂಘದವರಿಗೆ ಲೆಕ್ಕ ಬರೆಯುವುದನ್ನು ಕಲಿಸಲು ತೂಕದ ಮಹಿಳೆಯನ್ನು ಅಕ್ಕನೇ ವಾರಕ್ಕೊಮ್ಮೆ ಅಲ್ಲಿಗೆ ಕಳಿಸುತ್ತಿದ್ದಾರೆ. ಆ ದಿನದ ಸಂಬಳ ಮಿಲ್ಲಿನ ಪುಸ್ತಕದಲ್ಲೇ ಖರ್ಚು ಬೀಳುತ್ತದೆ. ಅದನ್ನು ಯಾವ ತಲೆಬರಹದಡಿ ಬರೆಯಬೇಕು ಎಂದು ಸಮಿತಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.